ಯಾರಿಗೂ ಬೇಡವಾದ ವೈರಸ್

ಕೊಲ್ಕತ್ತಾದ ಲೇಕ್ ಗಾರ್ಡನ್ಸ್‌ನ ಬಾಡಿಗೆ ಫ್ಲ್ಯಾಟಿಗೆ ನಾವು ಬಂದ ಮೊದಲ ಚಳಿಗಾಲದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಕೆಳಗಿನ ಮನೆಯವರು ತಮ್ಮ ಕಂಪ್ಯೂಟರಿನ ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ನಾನು ವೈರಸ್ ತಜ್ಞೆ ಎಂದು ಅವರಿಗೆ ಯಾರೋ ಹೇಳಿದ್ದರು.

“ಬೌದಿ, ಇದರೊಳಗೆ ವೈರಸ್ ಹೊಕ್ಕಿಬಿಟ್ಟಿದೆ. ಸ್ವಲ್ಪ ತೆಗೆದುಕೊಡಿ” ಎಂದರು. ಬೌದಿ ಅಂದರೆ ಅತ್ತಿಗೆ. ಬಂಗಾಳಿಗಳು ನೆರೆಮನೆಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ.

ನನ್ನದು ಆ ವೈರಸ್ ಅಲ್ಲ, ಮನುಷ್ಯರಿಗೆ ಬರುವ ವೈರಸ್ ಎಂದು ವಿವರಿಸಿದೆ. ಅವರ ಮುಖ ಸಪ್ಪಗಾಯಿತು. “ಓ, ಜ್ವರದ್ದಾ” ಎಂದರು, ಅದು ಯಾವುದೋ ಹಳೇ ಕಾಲದ ಕಸುಬು ಎಂಬ ಹಾಗೆ. ಚಹಾ ಕುಡಿದು, ಡಬ್ಬಿಯನ್ನು ಮತ್ತೆ ಎದೆಗವಚಿಕೊಂಡು ಇಳಿದುಹೋದರು. ನನ್ನ ಗಂಡ ಆ ದಿನವಿಡೀ ನಕ್ಕರು. “ನೀನು ಆ ಕೆಲಸ ಕಲಿತಿದ್ರೆ ಒಳ್ಳೆದಿತ್ತು ಮಾರಾಯ್ತಿ. ಈಗ ಅದಕ್ಕೇ ಮರ್ಯಾದೆ ಇರುದು.”

ಅವರು ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನಾನು ಬಸ್ಸಿನಲ್ಲಿ ಸಂಸ್ಥೆಗೆ ಹೋಗುವಾಗ ಪಕ್ಕದಲ್ಲಿ ಕುಳಿತ ಹುಡುಗಿಯರು ಕೊರಳಲ್ಲಿ ಕಂಪನಿಯ ಕಾರ್ಡು ತೂಗಿಕೊಂಡು ಅಮೆರಿಕದ ಗಡಿಯಾರದ ಲೆಕ್ಕದಲ್ಲಿ ಮಾತಾಡುತ್ತಿದ್ದರು. ನಾನು ಇಳಿಯುತ್ತಿದ್ದದ್ದು ಸರಕಾರಿ ಸಂಶೋಧನಾ ಸಂಸ್ಥೆಯೊಂದರ ಮುಂದೆ. ಅಲ್ಲಿಯ ಗೋಡೆಗಳು ವರ್ಷವಿಡೀ ತೇವ ಬಿಡುತ್ತಿದ್ದವು. ಲಿಫ್ಟಿನ ಬಾಗಿಲನ್ನು ಕೈಯಲ್ಲೇ ಎಳೆದು ಮುಚ್ಚಬೇಕಿತ್ತು.

ಗಂಡನದು ಬ್ಯಾಂಕಿನ ಕೆಲಸ. ಉಡುಪಿ ಕಡೆಯವರಾದ ನಮಗೆ ಬ್ಯಾಂಕು ಎಲ್ಲಿಗೆ ಕಳಿಸಿದರೆ ಅದೇ ಊರು. ಅವರಿಗೆ ಕೊಲ್ಕತ್ತಾಕ್ಕೆ ವರ್ಗವಾದಾಗ ನಾನು ಅರ್ಜಿ ಹಾಕಿದ್ದೆ, ಪುಣ್ಯಕ್ಕೆ ಈ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಡಾಕ್ಟರೇಟಿಗೆ ನಾನು ಓದಿದ್ದು ದನಗಳ ರಕ್ತದಲ್ಲಿ ಕ್ಯಾನ್ಸರ್ ತರುವ ಒಂದು ರೆಟ್ರೊವೈರಸ್ ಕುರಿತು. ರೆಟ್ರೊವೈರಸ್ ಅಂದರೆ ಜೀವಕೋಶದೊಳಗೆ ಹೊಕ್ಕು, ತನ್ನ ವಂಶದ ಬರಹವನ್ನು ನಮ್ಮ ಬರಹದೊಳಗೇ ಹೊಲಿದುಬಿಡುವ ಜಾತಿ. ಹೊಲಿಗೆ ಬಿತ್ತೆಂದರೆ ಆಯಿತು, ಬಿಚ್ಚಲಾಗುವುದಿಲ್ಲ. ಎಚ್‌ಐವಿ ಈ ಜಾತಿಯದೆಂದು ಈಗ ಎಲ್ಲರಿಗೂ ಗೊತ್ತು. ಮನುಷ್ಯರಲ್ಲಿ ಅದಕ್ಕಿಂತ ಮೊದಲೇ ಪತ್ತೆಯಾದ ಇನ್ನೊಂದಿದೆ, ಎಚ್‌ಟಿಎಲ್‌ವಿ. ನಾನು ಓದಿದ ದನದ ವೈರಸ್ಸಿಗೆ ಅದು ಹತ್ತಿರದ ದಾಯಾದಿ. ಅದು ಮೈಯಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ನಡುವಯಸ್ಸಿನಲ್ಲಿ ಕಾಲು ಬಿಗಿಯತೊಡಗುತ್ತದೆ, ಇನ್ನು ಕೆಲವರಿಗೆ ರಕ್ತದ ಕ್ಯಾನ್ಸರ್. ರಕ್ತದಿಂದ, ಗಂಡಹೆಂಡಿರ ಸಂಬಂಧದಿಂದ ಹರಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ತಾಯಿಯ ಹಾಲಿನಿಂದ, ಅದೂ ಬಹುಕಾಲ ಕುಡಿಸಿದರೆ.

ಇದನ್ನು ನಮ್ಮಲ್ಲಿ ಹುಡುಕಬೇಕು ಎಂದು ನಾನು ಹೇಳಿದಾಗ ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದು ನಮ್ಮ ದೇಶದ ಸಮಸ್ಯೆಯಲ್ಲ.”

“ಹುಡುಕದೆ ಹೇಗೆ ಗೊತ್ತಾಗುತ್ತದೆ ಸರ್?”

“ಸಮಸ್ಯೆಯಾಗಿದ್ದರೆ ಇಷ್ಟರಲ್ಲಿ ಗೊತ್ತಾಗುತ್ತಿತ್ತು.”

“ಹುಡುಕಿದ್ದರೆ ಗೊತ್ತಾಗುತ್ತಿತ್ತು.”

ಅವರು ಕೆಟ್ಟವರಲ್ಲ. ಮೇಲಿನಿಂದ ಬರುವ ಹಣವೆಲ್ಲ ಎಚ್‌ಐವಿಗೆ ಬರುತ್ತಿತ್ತು, ಅದಕ್ಕೆ ಲೆಕ್ಕ ಒಪ್ಪಿಸುವುದರಲ್ಲೇ ಅವರ ಆಯುಷ್ಯ ಹೋಗುತ್ತಿತ್ತು. ಕೊನೆಗೆ, ಕಾಲು ಬಿಗಿಯುವ ರೋಗಿಗಳ ರಕ್ತವನ್ನು ಮಾತ್ರ ಪರೀಕ್ಷಿಸುವ ಸಣ್ಣ ಯೋಜನೆಯೊಂದಕ್ಕೆ ಒಪ್ಪಿದರು. ಒಂದು ಕೋಣೆಯ ಅರ್ಧ ಭಾಗ, ಒಂದು ಹಳೆಯ ಪಿಸಿಆರ್ ಯಂತ್ರ. ವೈರಸ್ಸಿನ ಸೂಕ್ಷ್ಮ ಎಳೆಯನ್ನು ಲಕ್ಷಗಟ್ಟಲೆ ನಕಲು ಮಾಡಿ ಕಣ್ಣಿಗೆ ಕಾಣುವಂತೆ ಮಾಡುವ ಯಂತ್ರ ಅದು. ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ದಪ್ಪ ಪುಸ್ತಕವೊಂದನ್ನು ಭಾರಕ್ಕಿಟ್ಟು ಓಡಿಸುತ್ತಿದ್ದೆ.

ಸರಕಾರಿ ಆಸ್ಪತ್ರೆಯೊಂದರ ನರರೋಗ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಡಾಕ್ಟರೊಬ್ಬರಿದ್ದರು. ನಾನು ಅಲ್ಲಿ ಮಾಡಿದ ಭಾಷಣಕ್ಕೆ ಬಂದವರಲ್ಲಿ ನಿದ್ದೆ ಮಾಡದೆ ಕೇಳಿದವರು ಅವರೊಬ್ಬರೇ. ಕೆಲವು ತಿಂಗಳು ಬಿಟ್ಟು ಫೋನ್ ಮಾಡಿದರು. “ನೀವು ಹೇಳಿದ ಹಾಗೇ ಒಬ್ಬರು ಇದ್ದಾರೆ. ಬಾಲಿಗಂಜ್‌ನಲ್ಲಿ ಮನೆ. ಆಸ್ಪತ್ರೆಗೆ ಮತ್ತೆ ಮತ್ತೆ ಬರಲಾರರು. ನೀವೇ ಹೋಗಿ ರಕ್ತ ತೆಗೆದುಕೊಳ್ಳುತ್ತೀರಾ?”

ಆಕೆ ಪ್ರಾಥಮಿಕ ಶಾಲೆಯ ಟೀಚರು. ಬಂಗಾಳಿಗಳು ಟೀಚರಮ್ಮನನ್ನು ಕರೆಯುವ ಹಾಗೆ ಇಡೀ ಓಣಿ ಅವರನ್ನು ದಿದಿಮೊನಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಐವತ್ತು ದಾಟಿರಲಿಲ್ಲ. ಮಂಚದ ತುದಿಯಲ್ಲಿ ಕೂತಿದ್ದರು, ಹಾಸಿಗೆಯ ಮೇಲೆ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳು. ನನ್ನನ್ನು ಸ್ವಾಗತಿಸಲು ಎದ್ದಾಗ ಎರಡೂ ಕಾಲು ಕತ್ತರಿಯ ಹಾಗೆ ಒಂದಕ್ಕೊಂದು ತಗಲಿ, ಮಂಚದ ಕಂಬ ಹಿಡಿದು ನಿಂತರು. ಮೊದಲು ಬೆನ್ನುಮೂಳೆಯ ಕ್ಷಯ ಎಂದು ಔಷಧಿ ನುಂಗಿಸಿದ್ದರಂತೆ. ಆಮೇಲೆ ವಿಟಮಿನ್ ಕೊರತೆ ಎಂದು ಇಂಜೆಕ್ಷನ್. ಆಮೇಲೆ ಒಬ್ಬರು ಬೆನ್ನನ್ನೇ ಕೊಯ್ದು ನೋಡಿದ್ದರು.

“ಕೊಯ್ದವರು ಏನೆಂದರು?” ಎಂದು ಕೇಳಿದೆ.

“ಒಳಗೆಲ್ಲ ಚೆನ್ನಾಗಿದೆ ಅಂದರು” ಎಂದು ದಿದಿಮೊನಿ ನಕ್ಕರು. “ಚೆನ್ನಾಗಿದ್ದರೆ ನಡೆಯಬೇಕಲ್ಲ ಮತ್ತೆ!”

ನಾನು ರಕ್ತ ತೆಗೆಯುವಾಗ ಒಳಕೋಣೆಯಿಂದ ಮಗಳು ಬಂದು ನಿಂತಳು. ಅವಳು ಸೆಕ್ಟರ್ ಫೈವ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ದೋಷ ಹುಡುಕುವ ಕೆಲಸದಲ್ಲಿದ್ದಳು. ಮದುವೆಯಾಗಿ ಗರಿಯಾಹಾಟ್ ಹತ್ತಿರ ಅತ್ತೆಮನೆಯಲ್ಲಿದ್ದಳು, ಎರಡು ತಿಂಗಳ ಬಸುರಿ. ಸೂಜಿಯನ್ನು, ನನ್ನ ಕೈಯನ್ನು, ಟ್ಯೂಬಿನ ಮೇಲಿನ ಚೀಟಿಯನ್ನು ಒಂದೊಂದಾಗಿ ನೋಡಿ, “ಉತ್ತರ ಯಾವಾಗ ಬರುತ್ತದೆ?” ಎಂದಳು. “ಎರಡು ವಾರ” ಎಂದೆ. ಆಗ ಅದನ್ನು ನಂಬಿಯೇ ಹೇಳಿದ್ದೆ.

ನನ್ನಲ್ಲಿದ್ದ ಮೊದಲ ಹಂತದ ಕಿಟ್‌ನಲ್ಲಿ ದಿದಿಮೊನಿಯ ರಕ್ತ ಹಳದಿಗೆ ತಿರುಗಿತು, ವೈರಸ್ ಇರಬಹುದೆಂಬ ಸೂಚನೆ ಅದು. ಮತ್ತೆ ಮಾಡಿದೆ, ಮತ್ತೆ ಹಳದಿ. ಯಂತ್ರದಲ್ಲಿ ಓಡಿಸಿದೆ. ಕತ್ತಲೆಯ ಹಲಗೆಯ ಮೇಲೆ, ಎಲ್ಲಿ ಇರಬೇಕೋ ಅಲ್ಲಿ ಒಂದು ಬೆಳಕಿನ ಪಟ್ಟಿ ಬಂತು. ನಾನು ಆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಖುಷಿಯಿಂದ ಕುಣಿಯುವ ಹಾಗಾಯಿತು. ಮರುಕ್ಷಣ ಮಂಚದ ಕಂಬ ಹಿಡಿದು ನಿಂತ ಹೆಂಗಸು ನೆನಪಾಗಿ ಸುಮ್ಮನಾದೆ.

ಆದರೆ ಇಷ್ಟರಿಂದ ರೋಗಿಗೆ ಏನನ್ನೂ ಹೇಳುವಂತಿರಲಿಲ್ಲ. ಖಚಿತಪಡಿಸುವ ಕಿಟ್ ಹೊರದೇಶದಿಂದ ಬರಬೇಕು. ಖರೀದಿ ವಿಭಾಗದವರು ಮೂರು ಕಂಪನಿಗಳಿಂದ ದರಪಟ್ಟಿ ತರಿಸಿ ಎಂದರು. ಅದನ್ನು ಮಾಡುವುದು ಜಗತ್ತಿನಲ್ಲೇ ಒಂದು ಕಂಪನಿ ಎಂದೆ. ಹಾಗಾದರೆ ಬೇರೆ ಯಾರೂ ಮಾಡುವುದಿಲ್ಲ ಎಂದು ಬೇರೆಯವರಿಂದ ಬರೆಸಿ ತನ್ನಿ ಎಂದರು. ತಾವು ಮಾಡದ ವಸ್ತುವನ್ನು ತಾವು ಮಾಡುವುದಿಲ್ಲ ಎಂದು ಬರೆದುಕೊಡಿ ಅಂತ ನಾನು ಕಂಪನಿಗಳ ಬೆನ್ನು ಹತ್ತಿದೆ. ಮಳೆಗಾಲ ಕಳೆಯಿತು. ಅಂತೂ ಕಿಟ್ ಬಂತು. ಬಂದ ದಿನವೇ ದುರ್ಗಾಪೂಜೆಯ ರಜೆ ಶುರುವಾಗಿ, ಅದು ವಿಮಾನ ನಿಲ್ದಾಣದ ಗೋದಾಮಿನಲ್ಲಿ ರಜೆಯುದ್ದಕ್ಕೂ ಕೂತಿತ್ತು. ಊರೆಲ್ಲ ಢಾಕ್ ಎಂಬ ಡೋಲಿನ ಬಡಿತ, ಪೆಂಡಾಲುಗಳ ದೀಪ. ನಾನು ನನ್ನ ಪುಟ್ಟ ಮಗಳ ಕೈ ಹಿಡಿದು ಪ್ರತಿಮೆ ನೋಡುತ್ತ, ಕಿಟ್ ತಂಪಾಗಿರಲೆಂದು ಹಾಕಿದ ಡ್ರೈ ಐಸ್ ಎಷ್ಟು ಹೊತ್ತು ಉಳಿಯುತ್ತದೆ ಎಂದು ಯೋಚಿಸುತ್ತಿದ್ದೆ. ರಜೆ ಮುಗಿದು ಪೆಟ್ಟಿಗೆ ತೆರೆದಾಗ ಅದು ಬಿಸಿಲಲ್ಲಿಟ್ಟ ಟಿಫಿನ್ ಡಬ್ಬಿಯಷ್ಟು ಬೆಚ್ಚಗಿತ್ತು. ಕಿಟ್ ಸತ್ತಿತ್ತು. ಮತ್ತೆ ಮೊದಲಿನಿಂದ ಅರ್ಜಿ.

ಮನೆಗೆ ಬಂದು ಬ್ಯಾಗನ್ನು ನೆಲಕ್ಕೆ ಎಸೆದೆ. ಗಂಡ ಲೇಕ್ ಮಾರ್ಕೆಟಿನಿಂದ ಕುಚ್ಚಲಕ್ಕಿ, ತೆಂಗಿನಕಾಯಿ ತಂದು ಜೋಡಿಸುತ್ತಿದ್ದರು.

“ಎಂತ ಆಯ್ತು? ಇನ್ನೂ ಬರ್ಲಿಲ್ವಾ ನಿನ್ನ ಸಾಮಾನು?”

“ಬಂತು. ಹಾಳಾಗಿ ಬಂತು.”

“ಇನ್ನೊಂದು ತರಿಸ್ಲಿಕ್ಕೆ ಆಗುದಿಲ್ವಾ?”

“ಆಗುತ್ತೆ. ಆ ಹುಡುಗಿಯ ಮಗು ಶಾಲೆಗೆ ಹೋಗುವ ಹೊತ್ತಿಗೆ ಬರುತ್ತೆ.”

ಅವರು ಕಾಯಿ ಒಡೆದು, ನೀರನ್ನು ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

ನನ್ನನ್ನು ಕಾಡುತ್ತಿದ್ದದ್ದು ದಿದಿಮೊನಿಯ ಮಗಳ ವಿಚಾರವೇ. ತಾಯಿಗೆ ಹಳೆಯ ಕಾಲದಿಂದ ಈ ವೈರಸ್ ಇದ್ದರೆ ಮಗಳಿಗೂ ಬಂದಿರಬಹುದು. ಮಗಳಿಗೆ ಬಂದಿದ್ದರೆ ಅವಳ ಹಾಲಿನಿಂದ ಮಗುವಿಗೆ. ಔಷಧಿಯಿಲ್ಲದ ಈ ವೈರಸ್ಸನ್ನು ತಡೆಯಬಹುದಾದ ಬಾಗಿಲು ಅದೊಂದೇ. ಡಾಕ್ಟರಿಗೆ ಹೇಳಿದೆ. “ದಿದಿಮೊನಿ ನನ್ನ ರೋಗಿ. ನನ್ನ ಸಂಶಯವನ್ನು ನಾನು ಹೇಳಬಹುದು. ನೀವೂ ಬನ್ನಿ” ಎಂದರು.

ಇಬ್ಬರೂ ಹೋದೆವು. ಡಾಕ್ಟರು ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಹೇಳಿದರು. ಇದು ಒಂದು ವೈರಸ್ ಇರಬಹುದು, ಎಚ್‌ಐವಿ ಅಲ್ಲ, ಆದರೆ ಅದೇ ಜಾತಿಯದು. ದಿದಿಮೊನಿ ಎಲ್ಲವನ್ನೂ ಕೇಳಿದರು. ಅಷ್ಟು ವರ್ಷ ತಮಗೇನಾಗಿದೆ ಎಂದು ಕೇಳಿ ಕೇಳಿ ಸಾಕಾದವರು.

“ಹೆಸರು ಸಿಕ್ಕಿತಲ್ಲ. ಔಷಧಿ?”

ಡಾಕ್ಟರು ನನ್ನ ಕಡೆ ನೋಡಿದರು. “ಇಲ್ಲ” ಎಂದೆ. “ಬಿಗಿತ ಕಡಿಮೆ ಮಾಡುವ ಮಾತ್ರೆ ಇದೆ. ವೈರಸ್ಸಿಗೆ ಇಲ್ಲ.”

“ಹಾಗಾದರೆ ನನಗೆ ಯಾಕೆ ಹೇಳಿದಿರಿ?”

ನಾನು ಹಾಲಿನ ವಿಷಯ ಹೇಳಬೇಕಾಯಿತು. ದಿದಿಮೊನಿ ಕಿಟಕಿಯ ಕಡೆ ತಿರುಗಿದರು. ಕೆಳಗೆ ಯಾರೋ ಹಳೆ ಪೇಪರ್ ಕೊಳ್ಳುವವನು ಕೂಗುತ್ತ ಹೋದ.

“ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದವಳು. ಉಳಿಯುವುದಿಲ್ಲ ಅಂದಿದ್ದರು” ಎಂದರು. “ಎರಡು ವರ್ಷ ದಾಟಿದರೂ ಕುಡಿಸಿದೆ. ಶಾಲೆಯಿಂದ ಊಟದ ಬಿಡುವಿಗೆ ಓಡಿ ಬರುತ್ತಿದ್ದೆ. ಎಲ್ಲರೂ ಹೊಗಳಿದರು, ಅಮ್ಮ ಅಂದರೆ ಹೀಗಿರಬೇಕು ಅಂತ.”

“ದಿದಿಮೊನಿ, ಆಗ ನಿಮಗೇನು, ಇಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ” ಎಂದೆ. ಆ ಹಾಲು ಕುಡಿಸದಿದ್ದರೆ ಏಳು ತಿಂಗಳ ಕೂಸು ಬದುಕುತ್ತಲೇ ಇರಲಿಲ್ಲವೇನೋ ಎಂದು ಡಾಕ್ಟರೂ ಹೇಳಿದರು. ಆಕೆ ತಲೆಯಾಡಿಸಿದರು. ಒಪ್ಪಿಕೊಂಡ ಹಾಗೆ ಕಾಣಲಿಲ್ಲ.

ಮಗಳಿಗೆ ದಿದಿಮೊನಿಯೇ ಹೇಳಿದರು. ಮಾರನೆಯ ದಿನ ಮಗಳು ನನಗೆ ಫೋನ್ ಮಾಡಿದಳು. “ಆಸ್ಪತ್ರೆಯಲ್ಲಿ ನನಗೆ ಎಚ್‌ಐವಿ ಪರೀಕ್ಷೆ ಮಾಡಿದ್ದಾರೆ, ನೆಗೆಟಿವ್ ಬಂದಿದೆ. ಅದರಲ್ಲಿ ಇದೂ ಸೇರಿತಲ್ಲ?” ಇಲ್ಲ ಎಂದೆ. “ಹಾಗಾದರೆ ಇದನ್ನೂ ಮಾಡಿ.”

ಮಾಡುವಂತಿರಲಿಲ್ಲ. ನನ್ನ ಯೋಜನೆಗೆ ಸಿಕ್ಕಿದ್ದ ಅನುಮತಿ ಕಾಲು ಬಿಗಿಯುವ ರೋಗಿಗಳಿಗೆ ಮಾತ್ರ, ಅವರ ಮನೆಯವರಿಗಲ್ಲ. ಅದನ್ನು ಬದಲಿಸಬೇಕಾದರೆ ಸಂಸ್ಥೆಯ ನೈತಿಕ ಸಮಿತಿ ಸೇರಬೇಕು. ಆ ನಿಯಮದ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಬಡವರ ರಕ್ತವನ್ನು ಕೇಳದೆ ತೆಗೆದವರ ಕಥೆಗಳು ನಮ್ಮ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಸಿಟ್ಟು ಬಂದದ್ದು ಸಮಿತಿ ಸೇರದೇ ಇದ್ದದ್ದಕ್ಕೆ. ಮೊದಲ ಸಲ ಅಧ್ಯಕ್ಷರು ಊರಲ್ಲಿರಲಿಲ್ಲ. ಎರಡನೇ ಸಲ ಬಂದ್. ಮತ್ತೊಮ್ಮೆ ಎಲ್ಲರೂ ಬಂದರು, ಚಹಾ ಸಮೋಸ ಆಯಿತು, ಸಮಾಜದ ಪ್ರತಿನಿಧಿಯಾಗಿ ಇರಬೇಕಾದವರು ಮಾತ್ರ ಬರಲಿಲ್ಲ, ಹಾಗಾಗಿ ಸಭೆ ನಡೆಯಲಿಲ್ಲ. ಆ ದಿನ ಸದಸ್ಯರೊಬ್ಬರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, “ನಿಮ್ಮ ಒಪ್ಪಿಗೆ ಪತ್ರದಲ್ಲಿ ರೆಟ್ರೊವೈರಸ್ ಅಂತ ಇದೆ. ಜನ ಹೆದರುತ್ತಾರೆ. ಬೇರೆ ಪದ ಹಾಕಿ” ಎಂದರು.

“ಬೇರೆ ಪದ ಇಲ್ಲ ಸರ್. ಅದು ರೆಟ್ರೊವೈರಸ್ಸೇ.”

“ಸುಮ್ಮನೆ ವೈರಸ್ ಅನ್ನಿ.”

“ಆಮೇಲೆ ನಾನು ವಿಷಯ ಮುಚ್ಚಿಟ್ಟೆ ಅನ್ನುತ್ತೀರಿ.”

ಅವರು ನಕ್ಕು, ಭುಜ ತಟ್ಟಿ ಹೋದರು.

ಅಷ್ಟರಲ್ಲಿ ಚಳಿಗಾಲ ಬಂತು, ಹಕ್ಕಿಜ್ವರವೂ ಬಂತು. ಜಿಲ್ಲೆಗಳಲ್ಲಿ ಕೋಳಿಗಳು ಸಾಯತೊಡಗಿದವು. ಊರಿನ ಮಾರುಕಟ್ಟೆಗಳಲ್ಲಿ ಕೋಳಿ ಅಂಗಡಿಗಳು ಖಾಲಿ ಬಿದ್ದವು. ಮನುಷ್ಯರಿಗೆ ತಗುಲಿದರೆ ಏನು ಗತಿ ಎಂದು ದಿಲ್ಲಿಯಿಂದ ಫೋನಿನ ಮೇಲೆ ಫೋನ್. ನಿರ್ದೇಶಕರು ಎಲ್ಲರ ಕೆಲಸವನ್ನೂ ನಿಲ್ಲಿಸಿ, ಎಲ್ಲರನ್ನೂ ಅದಕ್ಕೇ ಹಾಕಿದರು. ಅದು ತಪ್ಪಲ್ಲ, ಬೆಂಕಿ ಬಿದ್ದಾಗ ಎಲ್ಲರೂ ನೀರು ಹೊರಬೇಕು. ಆದರೆ ಒಂದು ಬೆಳಿಗ್ಗೆ ನಾನು ಬಂದು ನೋಡಿದರೆ ನನ್ನ ಮೇಜಿನ ಮೇಲೆ ಧೂಳಿಲ್ಲದ ಒಂದು ಚೌಕ ಮಾತ್ರ ಇತ್ತು, ಪಕ್ಕದಲ್ಲಿ ಭಾರಕ್ಕಿಡುತ್ತಿದ್ದ ದಪ್ಪ ಪುಸ್ತಕ. ಯಂತ್ರವನ್ನು ಮೇಲಿನ ಮಹಡಿಗೆ ಹೊತ್ತೊಯ್ದಿದ್ದರು. ನಾನೂ ಪುಸ್ತಕ ಎತ್ತಿಕೊಂಡು ಮೇಲೆ ಹೋದೆ, ಅದಿಲ್ಲದೆ ಮುಚ್ಚಳ ಕೂರುವುದಿಲ್ಲವಲ್ಲ. ಆ ತಿಂಗಳುಗಳಲ್ಲಿ ಪ್ಲಾಸ್ಟಿಕ್ ಅಂಗಿ, ಮುಖವಾಡ ತೊಟ್ಟು, ಕೋಳಿ ಸಾಕುವವರ ಗಂಟಲಿನ ದ್ರವ ಪರೀಕ್ಷಿಸುತ್ತ ದಿನ ಕಳೆದೆ. ಮನೆಗೆ ಬಂದರೆ ನನ್ನ ಮಗಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. “ಅಮ್ಮಾ, ಗೋ ಅಂಡ್ ಸ್ನಾನ ಮಾಡು. ನಿನ್ನ ಹತ್ರ ಮುರ್ಗಿ ಸ್ಮೆಲ್ ಬರ್ತದೆ.”

ಹಾಗಿರುವಾಗ ಒಂದು ಮಧ್ಯಾಹ್ನ ದಿದಿಮೊನಿಯ ಮಗಳು ಸಂಸ್ಥೆಗೇ ಬಂದಳು. ಕಂಪನಿಯ ಕ್ಯಾಬಿನಿಂದ ಇಳಿದು, ತುಂಬಿದ ಹೊಟ್ಟೆ ಹೊತ್ತು, ಕೆಟ್ಟುನಿಂತ ಲಿಫ್ಟನ್ನು ಶಪಿಸುತ್ತ ಮೆಟ್ಟಿಲು ಹತ್ತಿದ್ದಳು. ಕುರ್ಚಿ ಕೊಟ್ಟೆ. ಕೂರಲಿಲ್ಲ. ತೋಳು ಮೇಲೆತ್ತಿ ನನ್ನ ಮುಂದೆ ಚಾಚಿದಳು.

“ತಗೊಳ್ಳಿ.”

“ನಾನು ತೆಗೆಯುವಂತಿಲ್ಲ.”

“ಕೈ ನನ್ನದು, ರಕ್ತ ನನ್ನದು, ಮಗು ನನ್ನದು. ಇನ್ನು ಯಾರನ್ನು ಕೇಳಬೇಕು?”

“ಸಮಿತಿ…”

“ನಮ್ಮ ಕೆಲಸದಲ್ಲಿ ದೋಷ ಕಂಡ ದಿನವೇ ಹೇಳದಿದ್ದರೆ ಮನೆಗೆ ಕಳಿಸುತ್ತಾರೆ. ನೀವು ಕಂಡಿದ್ದೀರಿ, ಹೇಳಿದ್ದೀರಿ, ಆಮೇಲೆ ಕೈಕಟ್ಟಿ ಕೂತಿದ್ದೀರಿ. ಹೇಳದಿದ್ದರೆ ನಾನು ನಿಶ್ಚಿಂತೆಯಿಂದ ಇರುತ್ತಿದ್ದೆ.”

“ಒಂದು ವೇಳೆ ಉತ್ತರ ಬರುವವರೆಗೆ ಹಾಲೇ ಕುಡಿಸದಿದ್ದರೆ?” ಎಂದು ಅವಳೇ ಮತ್ತೆ ಕೇಳಿದಳು. ಈ ಊರಿನ ಸೆಕೆಯಲ್ಲಿ, ಈ ನೀರಿನಲ್ಲಿ, ಹಸುಗೂಸಿಗೆ ಬಾಟಲಿ ಹಾಲೂ ಅಪಾಯವೇ. ವೈರಸ್ ಇದೆಯೋ ಇಲ್ಲವೋ ಗೊತ್ತಿಲ್ಲದೆ ತಾಯಿಯ ಹಾಲು ತಪ್ಪಿಸಿ ಎಂದು ಯಾವ ಬಾಯಲ್ಲಿ ಹೇಳಲಿ? ಅವಳು ಕೊನೆಗೆ ಕೂತಳು. ಅಳಲಿಲ್ಲ. ನನಗೇ ಅಳು ಬರುವ ಹಾಗಾಗಿತ್ತು, ಸಿಟ್ಟಿನಿಂದ.

ದಾರಿ ಹುಡುಕಿದವರು ಡಾಕ್ಟರು. ದಕ್ಷಿಣ ಭಾರತದ ಆಸ್ಪತ್ರೆಯೊಂದರಲ್ಲಿ ಅವರ ಹಳೆಯ ಸಹಪಾಠಿ ಇದ್ದರು. ಅಲ್ಲಿಯ ಲ್ಯಾಬಿನಲ್ಲಿ ರೋಗಿಗಳಿಗಾಗಿಯೇ ಈ ಪರೀಕ್ಷೆ ಮಾಡುತ್ತಿದ್ದರು. ಸಂಶೋಧನೆಯಲ್ಲ, ಚಿಕಿತ್ಸೆಯ ಭಾಗ. ಡಾಕ್ಟರು ಅವಳನ್ನು ತಮ್ಮ ರೋಗಿ ಎಂದು ದಾಖಲಿಸಿಕೊಂಡು ತಾವೇ ರಕ್ತ ತೆಗೆದರು. ಕೊರಿಯರ್‌ನವರು ರಕ್ತ ಎಂದೊಡನೆ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿದರು. ಆ ವಾರ ನನ್ನ ಗಂಡನಿಗೆ ಅದೇ ಊರಿನಲ್ಲಿ ಬ್ಯಾಂಕಿನ ತರಬೇತಿ ಇತ್ತು.

“ನಾನು ತಕೊಂಡು ಹೋಗ್ತೇನೆ” ಎಂದರು.

“ವಿಮಾನದಲ್ಲಿ ತಡೆದರೆ?”

“ಡಾಕ್ಟರ ಚೀಟಿ ಉಂಟಲ್ಲ. ಬ್ಯಾಂಕಿನವನ ಮುಖ ನೋಡಿ ಯಾರು ಸಂಶಯ ಪಡ್ತಾರೆ?”

ತಡೆದರು. ಭದ್ರತೆಯವನು ಐಸ್ ಡಬ್ಬಿ ತೆರೆಸಿ ಏನಿದು ಎಂದನಂತೆ. ರಕ್ತ ಎಂದರಂತೆ ಇವರು. ಯಾರದು? ನನ್ನದಲ್ಲ. ಮೇಲಧಿಕಾರಿ ಬಂದು, ಡಾಕ್ಟರಿಗೆ ಫೋನ್ ಹಚ್ಚಿ, ಅಂತೂ ಬಿಟ್ಟರು. ರಕ್ತ ಸುರಕ್ಷಿತವಾಗಿ ಮುಟ್ಟಿತು. ಅಲ್ಲಿ ಆ ತಿಂಗಳು ಕಿಟ್ ಮುಗಿದಿತ್ತು.

ಮಗು ಹುಟ್ಟಿತು, ಹೆಣ್ಣು. ಆಸ್ಪತ್ರೆಯ ನರ್ಸುಗಳು ಎಲ್ಲರಿಗೂ ಮಾಡುವ ಹಾಗೆ ಮಗುವನ್ನು ಎದೆಗೆ ಹಚ್ಚಿದರು. ಮಗು ಕುಡಿಯಿತು. ನಾನು ಬಿಡುವಾದಾಗಲೆಲ್ಲ ದಕ್ಷಿಣದ ಲ್ಯಾಬಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿಯವರಿಗೆ ನನ್ನ ದನಿ ಕೇಳಿಯೇ ಬೇಸರ ಬಂದಿರಬೇಕು. ಉತ್ತರ ಬರುವಾಗ ಕೂಸಿಗೆ ತಿಂಗಳು ದಾಟಿತ್ತು. ಪಾಸಿಟಿವ್.

ಬಹುಕಾಲ ಕುಡಿಸಿದಾಗಲೇ ಅಪಾಯ ಹೆಚ್ಚು, ಈಗ ನಿಲ್ಲಿಸಿದರೂ ಉಪಯೋಗವಿದೆ ಎಂದು ಡಾಕ್ಟರು ಅವಳಿಗೆ ಹೇಳಿದರು. ಬಾಟಲಿ ಕುದಿಸುವುದು, ಪುಡಿ ಅಳೆಯುವುದು ಎಲ್ಲವನ್ನೂ ತೋರಿಸಿಕೊಟ್ಟರು. ಅವಳು ಆ ದಿನವೇ ನಿಲ್ಲಿಸಿದಳು. ಅತ್ತೆಮನೆಯಲ್ಲಿ ರಾದ್ಧಾಂತವಾಯಿತು. ಹಾಲಿರುವ ತಾಯಿ ಹಾಲು ಕೊಡದಿದ್ದರೆ ಹೇಗೆ? ಎಚ್‌ಐವಿಯ ಜಾತಿಯದು ಎಂಬ ಮಾತು ಅವಳ ಅತ್ತೆಯ ಕಿವಿಗೆ ಅರ್ಧ ಬಿತ್ತು, ಜಾತಿ ಬಿಟ್ಟುಹೋಗಿ ಎಚ್‌ಐವಿ ಉಳಿಯಿತು. ತಟ್ಟೆ ಲೋಟ ಬೇರೆ ಇಟ್ಟರು. ಅವಳು ಕೂಸನ್ನೆತ್ತಿಕೊಂಡು ಬಾಲಿಗಂಜ್‌ಗೆ ಬಂದುಬಿಟ್ಟಳು. ಡಾಕ್ಟರು ಹೋಗಿ ಅತ್ತೆಗೆ ಒಂದು ಗಂಟೆ ವಿವರಿಸಿ ಬಂದರು. ಆಕೆ ಎಲ್ಲಕ್ಕೂ ಹೂಂಗುಟ್ಟಿ, ಕೊನೆಗೆ ಅವರು ಚಹಾ ಕುಡಿದ ಕಪ್ಪನ್ನೂ ಬೇರೆ ತೊಳೆಸಿದರಂತೆ. ಅವಳ ಗಂಡ ಮಾತ್ರ ದಿನಾ ಆಫೀಸಿನಿಂದ ನೇರ ಬಾಲಿಗಂಜ್‌ಗೆ ಬಂದು ಬಾಟಲಿ ಕುದಿಸುತ್ತಿದ್ದ. ತನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟ, ಅವನಿಗೆ ಇರಲಿಲ್ಲ. ಮನಸ್ತಾಪ ತಣಿದು ಅವಳು ಮನೆಗೆ ಮರಳುವಾಗ ಮಗು ಅಂಬೆಗಾಲಿಡುತ್ತಿತ್ತು.

ಇತ್ತ ನೈತಿಕ ಸಮಿತಿಯೂ ಕೊನೆಗೆ ಸೇರಿತು. ರೋಗಿಗಳ ಮನೆಯವರನ್ನು ಪರೀಕ್ಷಿಸಬಹುದು, ಒಪ್ಪಿಗೆ ಪತ್ರದ ಭಾಷೆ ಸರಿಪಡಿಸಬೇಕು ಎಂದು ತೀರ್ಮಾನ ಮಾಡಿತು. ನಾನು ಅದನ್ನು ಹಿಡಿದು ನಿರ್ದೇಶಕರ ಹತ್ತಿರ ಹೋದೆ. ಅವರು ಕ್ಯಾಲೆಂಡರ್ ನೋಡಿದರು. ಯೋಜನೆಯ ಅವಧಿ ಮುಗಿದಿತ್ತು. ಮುಂದುವರಿಸಲು ಪ್ರಗತಿ ತೋರಿಸಬೇಕಿತ್ತು.

“ಕೋಳಿಗಳ ಕೆಲಸಕ್ಕೆ ನೀವೇ ಹಾಕಿದಿರಿ ಸರ್. ಯಂತ್ರ ಇರಲಿಲ್ಲ. ಕಿಟ್ ಇರಲಿಲ್ಲ. ಅನುಮತಿ ಇರಲಿಲ್ಲ. ಪ್ರಗತಿ ಎಲ್ಲಿಂದ ತರಲಿ?”

“ನಿಮ್ಮ ಮಾತು ನ್ಯಾಯವೇ” ಎಂದರು. “ಆದರೆ ಮೇಲೆ ನಾನು ಏನೆಂದು ಬರೆಯಲಿ?”

ನನ್ನ ದನಿ ಏರಿತು. ಹೊರಗೆ ಕೂತ ಗುಮಾಸ್ತರು ಟೈಪ್ ಮಾಡುವುದನ್ನು ನಿಲ್ಲಿಸಿದ್ದು ಕೇಳಿಸಿತು. ಒಂದು ಮನೆಯಲ್ಲಿ ತಾಯಿ ನಡೆಯಲಾರಳು, ಮಗಳ ರಕ್ತದಲ್ಲಿ ವೈರಸ್ ಇದೆ, ಮೊಮ್ಮಗಳದು ಗೊತ್ತಿಲ್ಲ, ಇದಕ್ಕಿಂತ ಹೆಚ್ಚಿನದು ಏನು ಬೇಕು ಎಂದೆ. ಮಗಳ ಪರೀಕ್ಷೆ ನಮ್ಮ ಯೋಜನೆಯಲ್ಲಿ ಆಗಿಲ್ಲವಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂದು ಅವರು ಮೆತ್ತಗೆ ಹೇಳಿದರು. ಅದೂ ನಿಜವೇ. ನಾನು ಎದ್ದು ಬಂದೆ. ಯೋಜನೆ ಮುಚ್ಚಿತು. ಆಮೇಲೆ ನನಗೆ ಫ್ಲೂ ವಿಭಾಗದಲ್ಲಿ ಒಳ್ಳೆಯ ಜಾಗ ಕೊಟ್ಟರು, ಹೊಸ ಯಂತ್ರವನ್ನೂ ಕೊಟ್ಟರು. ಅದರ ಮುಚ್ಚಳ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಜನ ಹೆಸರು ಕೇಳಿದ ಕಾಯಿಲೆಗಳ ಮೇಲೆ ಕೆಲಸ ಮಾಡಿದರೆ ಎಷ್ಟು ಸುಲಭವಾಗಿ ಸಾಮಾನು ಬರುತ್ತದೆ ಎಂದು ಅಲ್ಲಿ ನೋಡಿದೆ.

ಹುಟ್ಟಿದ ಕೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಬಹಳ ದಿನ ಉಳಿಯುತ್ತವೆ, ಪರೀಕ್ಷೆ ಹುಡುಕುವುದು ಅವನ್ನೇ ಆದ್ದರಿಂದ ಒಡನೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಮಗುವಿಗೆ ಎರಡು ತುಂಬಿದ ಮೇಲೆ ಡಾಕ್ಟರೇ ರಕ್ತ ಕಳಿಸಿದರು. ಆಗ ಅವರು ನಿವೃತ್ತರಾಗಿ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಉತ್ತರ ನೆಗೆಟಿವ್ ಎಂದು ಅವರು ಫೋನಿನಲ್ಲಿ ಹೇಳಿದರು. ನಾನು ಪ್ರಯೋಗಾಲಯದ ನಡುವೆ ನಿಂತು ಇನ್ನೊಮ್ಮೆ ಹೇಳಿ ಎಂದೆ. ಅವರು ಇನ್ನೊಮ್ಮೆ ಹೇಳಿದರು.

ಆ ವಾರ ದಿದಿಮೊನಿಯ ಮಗಳು ಫೋನ್ ಮಾಡಿ ನಕ್ಕಳು. “ನಮ್ಮತ್ತೆ ಏನಂದರು ಗೊತ್ತಾ? ನೋಡು, ಏನೂ ಇರಲಿಲ್ಲ, ಸುಮ್ಮನೆ ಕೂಸಿಗೆ ಹಾಲು ತಪ್ಪಿಸಿದೆ ಅಂತ!”

ನಾನೂ ನಕ್ಕೆ. ಆದರೆ ಆ ಅತ್ತೆಯ ಮಾತನ್ನು ಸುಳ್ಳು ಎಂದು ಸಾಧಿಸಲು ನನ್ನಲ್ಲಿ ಏನಿತ್ತು? ಹಾಲು ನಿಲ್ಲಿಸಿದ್ದರಿಂದ ಮಗು ಉಳಿಯಿತೋ, ನಿಲ್ಲಿಸದಿದ್ದರೂ ಉಳಿಯುತ್ತಿತ್ತೋ, ಒಂದು ಮಗುವಿನಿಂದ ಯಾರೂ ಹೇಳಲಾರರು. ಇಂಥ ನೂರಾರು ತಾಯಂದಿರನ್ನು ನೋಡಿದ್ದರೆ ಹೇಳಬಹುದಿತ್ತು. ಆ ನೂರಾರು ತಾಯಂದಿರು ಎಲ್ಲೋ ಇದ್ದಾರೆಂದೂ, ಇಲ್ಲವೆಂದೂ ನನಗೆ ಖಚಿತವಾಗಿ ಗೊತ್ತಿಲ್ಲ. ಹುಡುಕಲು ಹೊರಟವಳಿಗೆ ಅದನ್ನಾದರೂ ತಿಳಿಯುವ ಅವಕಾಶ ಸಿಗಬೇಕಿತ್ತು. ನನ್ನ ಹೆಸರಿನಲ್ಲಿ ಅಚ್ಚಾದ ಲೇಖನಗಳಲ್ಲಿ ಫ್ಲೂ ಇದೆ, ಕೋಳಿಗಳಿವೆ. ಆ ಮನೆಯ ಮೂರು ತಲೆಮಾರಿನವರಲ್ಲಿ ಯಾರೂ ಇಲ್ಲ.

ಗಂಡನಿಗೆ ಮತ್ತೆ ವರ್ಗವಾಗಿ ನಾವು ಊರು ಬಿಡುವ ಮುನ್ನ ಬಾಲಿಗಂಜ್‌ಗೆ ಹೋಗಿದ್ದೆ. ದಿದಿಮೊನಿ ಗಾಲಿಕುರ್ಚಿಯಲ್ಲಿದ್ದರು. ಶಾಲೆ ಬಿಟ್ಟಿದ್ದರು; ಓಣಿಯ ಮಕ್ಕಳು ಮನೆಗೇ ಪಾಠಕ್ಕೆ ಬರುತ್ತಿದ್ದರು. ಮೊಮ್ಮಗಳು ನನ್ನ ಚಪ್ಪಲಿ ಹಾಕಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಧಡಧಡ ಓಡುತ್ತಿದ್ದಳು. ಬಿದ್ದಳು, ಎದ್ದಳು, ಮತ್ತೆ ಓಡಿದಳು.

ದಿದಿಮೊನಿ ಅವಳ ಕಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ದಿನವಾಯಿತಲ್ಲ, ಈಗಲಾದರೂ ಏನಾದರೂ ಔಷಧಿ ಬಂದಿದೆಯಾ?” ಎಂದು ಕೇಳಿದರು.

“ಇನ್ನೂ ಇಲ್ಲ ದಿದಿಮೊನಿ.”

“ಯಾರಾದರೂ ಹುಡುಕುತ್ತಿದ್ದಾರಾ?”

ಹೊರದೇಶಗಳಲ್ಲಿ ಕೆಲವರು ಹುಡುಕುತ್ತಿದ್ದಾರೆ ಎಂದೆ. “ಇಲ್ಲಿ ಯಾರೂ ಇಲ್ಲವಾ?” ಎಂದು ಅವರು ಕೇಳಲಿಲ್ಲ. ಮಗಳನ್ನು ಕರೆದು, ನನಗೆ ಚಹಾ ತರಲು ಹೇಳಿದರು.